ಹೊಸ ಹೊಣೆ ಹೊತ್ತ ಮಗಳಿಗೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಅನೇಕ ಆಶೀರ್ವಾದಗಳು.

ವಾಯು ಸಂಚಾರ ನಿಯಂತ್ರಣ ಸೇವೆಯ ಸುರಕ್ಷತಾ ಮೇಲ್ವಿಚಾರಣೆಯ ನೇತೃತ್ವ ನಿನಗೆ ಬಂದಿದೆ ಎಂದು ನಿನ್ನ ಅಪ್ಪ ಹೇಳಿದ. ಮನಸ್ಸು ತುಂಬಿ ಬಂತು. ರೇಡಾರ್ ಪರದೆಯ ಮುಂದೆ ಕೂತು ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಆಗಿ ಆಯುಷ್ಯ ಕಳೆದವನು ನಾನು. ಆ ಕುರ್ಚಿಯಲ್ಲಿ ಕೂರುವವರ ಪರವಾಗಿ ಒಂದು ಮಾತು ಹೇಳುತ್ತೇನೆ. ತಪ್ಪಿದ ಕಂಟ್ರೋಲರ್‌ನ ಹೆಸರು ಸಿಕ್ಕಿದೊಡನೆ ವಿಚಾರಣೆ ಮುಗಿಯಿತೆಂದುಕೊಳ್ಳಬೇಡ. ಅವನ ಪಾಳಿಯನ್ನು ಹಾಗೆ ನಡೆಯಲು ಬಿಟ್ಟ ಮೇಲಿನವರು ಯಾರು ಎಂದು ಕೇಳು.

ಊಬರ್ಲಿಂಗನ್ ದುರಂತದ ತನಿಖಾ ವರದಿಯನ್ನು ಮತ್ತೊಮ್ಮೆ ಓದು. 2002ರ ಜುಲೈ 1ರ ರಾತ್ರಿ ಜರ್ಮನಿಯ ಆ ಪಟ್ಟಣದ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 71 ಜನ ಸತ್ತರು. ಹೆಚ್ಚಿನವರು ರಷ್ಯಾದಿಂದ ರಜೆಗೆ ಹೊರಟಿದ್ದ ಮಕ್ಕಳು. ಆ ಆಕಾಶದ ಹೊಣೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಕೇಂದ್ರದ್ದು. ಜೊತೆಗಾರ ವಿಶ್ರಾಂತಿಗೆ ಹೋಗಿದ್ದ. ಒಬ್ಬನೇ ಕಂಟ್ರೋಲರ್ ಎರಡು ಪರದೆ ನೋಡುತ್ತಿದ್ದ. ದುರಸ್ತಿ ನಡೆಯುತ್ತಿದ್ದುದರಿಂದ ಡಿಕ್ಕಿಯ ಮುನ್ನೆಚ್ಚರಿಕೆ ಪರದೆಯ ಮೇಲೆ ಮೂಡುತ್ತಿರಲಿಲ್ಲ. ಮುಖ್ಯ ದೂರವಾಣಿ ಮಾರ್ಗ ಬಂದ್, ಬದಲಿ ಮಾರ್ಗ ಕೆಟ್ಟಿತ್ತು. ನೆರೆಯ ಕಾರ್ಲ್ಸ್‌ರೂಹೆ ಕೇಂದ್ರದವರಿಗೆ ಅಪಾಯ ಕಂಡಿತ್ತು, ಆದರೆ ಕರೆಯೇ ಹೋಗಲಿಲ್ಲ. ಕೊನೆ ಗಳಿಗೆಯಲ್ಲಿ ಜ್ಯೂರಿಕ್‌ನ ಕಂಟ್ರೋಲರ್ ರಷ್ಯಾದ ವಿಮಾನಕ್ಕೆ ಕೆಳಗಿಳಿಯಲು ಹೇಳಿದ. ಡಿಕ್ಕಿ ತಪ್ಪಿಸಲೆಂದೇ ವಿಮಾನದೊಳಗಿರುವ ಟಿಕ್ಯಾಸ್ ಯಂತ್ರ ಮೇಲೇರಲು ಹೇಳಿತು. ಪೈಲಟ್‌ಗಳು ಅವನ ಮಾತನ್ನೇ ನಂಬಿದರು.

ರಾತ್ರಿ ಹೊತ್ತು ಒಬ್ಬನೇ ಕೂರುವ ಪದ್ಧತಿಯನ್ನು ಆಡಳಿತ ವರ್ಷಗಟ್ಟಲೆ ಸಹಿಸಿಕೊಂಡು ಬಂದಿತ್ತು ಎಂದು ತನಿಖಾಧಿಕಾರಿಗಳು ಬರೆದರು. 2007ರಲ್ಲಿ ನ್ಯಾಯಾಲಯ ಜ್ಯೂರಿಕ್ ಕೇಂದ್ರ ನಡೆಸುತ್ತಿದ್ದ ಸಂಸ್ಥೆಯ ನಾಲ್ವರನ್ನು ತಪ್ಪಿತಸ್ಥರೆಂದು ಘೋಷಿಸಿತು. ಅಷ್ಟರೊಳಗೆ, 2004ರಲ್ಲೇ, ಹೆಂಡತಿ ಮಕ್ಕಳನ್ನು ಕಳೆದುಕೊಂಡಿದ್ದ ಒಬ್ಬ ತಂದೆ ಆ ಕಂಟ್ರೋಲರ್‌ನನ್ನು ಅವನ ಮನೆಯಲ್ಲೇ ಇರಿದು ಕೊಂದಿದ್ದ. ಇದನ್ನು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಂಥ ಪದ್ಧತಿ ಕಡತದಲ್ಲಿ ಸಿಗುವುದಿಲ್ಲ ಮಗಳೇ. ಪಾಳಿ ಪಟ್ಟಿಯಲ್ಲಿ ಇಬ್ಬರ ಹೆಸರಿರುತ್ತದೆ, ಕುರ್ಚಿಯಲ್ಲಿ ಒಬ್ಬನಿರುತ್ತಾನೆ. ಅದನ್ನು ನೋಡಬೇಕೆಂದರೆ ರಾತ್ರಿ ಎರಡರ ಮೇಲೆ, ಹೇಳದೆ ಕೇಳದೆ ಹೋಗಬೇಕು. ಪಾಳಿ ಬದಲಾಗುವಾಗ ಹೆಡ್‌ಸೆಟ್ ಕಳಚುವವನು ಮುಂದಿನವನಿಗೆ ಏನು ಹೇಳುತ್ತಾನೆ, ಏನು ಬಿಡುತ್ತಾನೆ, ಹಿಂದೆ ನಿಂತು ಕೇಳು. ದುರಸ್ತಿಗೆ ಬಂದವರು ಏನೇನು ಬಂದ್ ಮಾಡಿಟ್ಟಿದ್ದಾರೆಂದು ಅವನಿಗೆ ಗೊತ್ತಿದೆಯೇ ವಿಚಾರಿಸು.

ಅಷ್ಟು ದೂರ ಯಾಕೆ, 2022ರ ಜನವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಎರಡು ಇಂಡಿಗೋ ವಿಮಾನಗಳು ಸಮಾನಾಂತರ ರನ್‌ವೇಗಳಿಂದ ಹೆಚ್ಚುಕಡಿಮೆ ಒಟ್ಟಿಗೇ ಮೇಲೆದ್ದು ಒಂದರತ್ತ ಒಂದು ಸಾಗಿದವು. ದಕ್ಷಿಣ ರನ್‌ವೇ ಮುಚ್ಚುವ ತೀರ್ಮಾನ ಆ ಬದಿಯ ಟವರ್ ಕಂಟ್ರೋಲರ್‌ಗೆ ತಲುಪಿರಲಿಲ್ಲ. ರೇಡಾರ್ ಕಂಟ್ರೋಲರ್ ಗಮನಿಸಿ ದಿಕ್ಕು ಬದಲಿಸಿದ್ದರಿಂದ ನೂರಾರು ಜೀವ ಉಳಿಯಿತು. ಘಟನೆ ಲಾಗ್‌ಬುಕ್‌ನಲ್ಲಿ ದಾಖಲಾಗಿರಲಿಲ್ಲ ಎಂದು ಪತ್ರಿಕೆಯಲ್ಲಿ ಓದಿದಾಗ ನನಗೆ ಇನ್ನೂ ಹೆಚ್ಚು ಭಯವಾಯಿತು.

ಬರೆದರೆ ಮೆಮೋ ಬರುತ್ತದೆಂದು ಗೊತ್ತಾದರೆ ಯಾರೂ ಬರೆಯುವುದಿಲ್ಲ. ತಾನಾಗಿ ಬಂದು ಹೇಳಿಕೊಂಡವನ ಬೆನ್ನಿಗೆ ನಿಲ್ಲು. ಕುಡಿದು ಪಾಳಿಗೆ ಬಂದವನಿಗೆ, ದಾಖಲೆ ತಿದ್ದಿದವನಿಗೆ ಮಾತ್ರ ದಾಕ್ಷಿಣ್ಯ ತೋರಿಸಬೇಡ. ನಿನಗೆ ಉತ್ತರ ಕೊಡಬೇಕಾದ ಅಧಿಕಾರಿಗಳು ಹಳೆಯ ಪರಿಚಯದವರೇ ಇರಬಹುದು. ಆದರೂ ‘ಕ್ರಮ ಕೈಗೊಳ್ಳಲಾಗಿದೆ’ ಎಂಬ ಒಂದು ಸಾಲಿನ ಉತ್ತರಕ್ಕೆ ಕಡತ ಮುಚ್ಚಬೇಡ. ಏನು ಕ್ರಮ, ಯಾವತ್ತಿನಿಂದ, ತೋರಿಸಿ ಎನ್ನು.

ಮೊದಲ ವಾರವೇ ಕಳೆದ ಮೂರು ತಿಂಗಳ ರಾತ್ರಿ ಪಾಳಿಗಳ ಹಾಜರಿಯನ್ನೂ ಅದೇ ರಾತ್ರಿಗಳ ದುರಸ್ತಿ ದಾಖಲೆಯನ್ನೂ ತರಿಸಿ ಅಕ್ಕಪಕ್ಕ ಇಟ್ಟು ನೋಡು. ಸಂಶಯ ಬಂದರೆ ಯಾವ ಹೊತ್ತಿಗಾದರೂ ನನಗೆ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಪ್ಪ