ನನ್ನ ಮಾತನ್ನು ನಂಬಿದವರಿಗೆ

ಏಪ್ರಿಲ್ 10ರಂದು ಮಕ್ಕಳಿಗೆ ಫಲಿತಾಂಶ ಹೇಳಿ, ಬೇಸಿಗೆ ರಜೆಗೆ ಕಳುಹಿಸಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಕೂತೆ. ಕೈ ತಾನಾಗಿಯೇ ಹಿಂದಿನ ಹಾಳೆಗಳನ್ನು ತಿರುವತೊಡಗಿತು. ಜೂನ್, ಜುಲೈ, ಆಗಸ್ಟ್ ಎಂದು ನೋಡುತ್ತಾ ಮಾರ್ಚ್‌ವರೆಗೂ ಬಂದೆ. 2024-25ನೇ ಸಾಲಿನಲ್ಲಿ ನನ್ನ ಹೆಸರಿನ ಮುಂದೆ ಸಾಂದರ್ಭಿಕ ರಜೆ ಏಳು ಇವೆ, ವೈದ್ಯಕೀಯ ರಜೆ ಒಂದೂ ಇಲ್ಲ. 2021ರ ಮೇ ತಿಂಗಳಲ್ಲಿ ಕೋವಿಡ್ ಬಂದು, ಅದರ ತೊಂದರೆ ಲಾಂಗ್ ಕೋವಿಡ್ ಆಗಿ ವರ್ಷಗಟ್ಟಲೆ ಉಳಿದ ಮೇಲೆ ಒಂದು ಶಾಲಾ ವರ್ಷವನ್ನು ಹೀಗೆ ದಾಟಿದ್ದು ಇದೇ ಮೊದಲು. ಮುಖ್ಯೋಪಾಧ್ಯಾಯಿನಿಯವರು ಎದುರಿಗೇ ಇದ್ದರು. ಪುಸ್ತಕವನ್ನು ಅವರ ಕಡೆ ತಿರುಗಿಸಿ ತೋರಿಸಿದೆ. ಅವರು ಏನೂ ಹೇಳದೆ ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತರು.

ಅಂದಿನಿಂದ ಈ ಬರಹ ಮನಸ್ಸಿನಲ್ಲೇ ಇದೆ. ಒಬ್ಬೊಬ್ಬರ ಮನೆಗೂ ಹೋಗಿ ಹೇಳಬೇಕಾದ ಮಾತು ಇದು. ಕೆಲವರ ಮನೆ ಎಲ್ಲಿದೆಯೋ ಗೊತ್ತಿಲ್ಲ, ಒಬ್ಬರಂತೂ ಈಗ ಇಲ್ಲ. ಹಾಗಾಗಿ ಎಲ್ಲರಿಗೂ ಕಾಣುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವಂದನೆ ನಮ್ಮೂರಿನ ಆಶಾ ಕಾರ್ಯಕರ್ತೆಗೆ. 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಲಾಕ್‌ಡೌನ್ ಆಗಿತ್ತು. ತಿಪಟೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಬೀದಿಗೆ ಇಬ್ಬರು ಮೂವರು ಜ್ವರದಲ್ಲಿ ಮಲಗಿದ್ದರು. ಆಕೆ ಒಂದೇ ಒಂದು ಆಕ್ಸಿಮೀಟರ್ ಹಿಡಿದು ಮನೆಯಿಂದ ಮನೆಗೆ ನಡೆಯುತ್ತಿದ್ದಳು. ಅದನ್ನು ಸ್ಯಾನಿಟೈಸರ್‌ನಿಂದ ಒರೆಸಿ, ಉದ್ದ ಕೋಲಿನ ತುದಿಗೆ ಕಟ್ಟಿದ ಚೀಲದಲ್ಲಿಟ್ಟು ಕಿಟಕಿಯೊಳಗೆ ಚಾಚುತ್ತಿದ್ದಳು. ಆರನೆಯ ದಿನ ನನ್ನ ರಕ್ತದ ಆಮ್ಲಜನಕ 88ಕ್ಕೆ ಇಳಿದಿದೆ ಎಂದು ಅದು ತೋರಿಸಿತು. ನನಗೆ ದಮ್ಮೇನೂ ಕಟ್ಟಿರಲಿಲ್ಲ, ಚೆನ್ನಾಗಿಯೇ ಇದ್ದೇನೆ ಎಂದು ವಾದಿಸಿದೆ. ಆಕೆ ನನ್ನ ಮಾತು ಕೇಳಲಿಲ್ಲ. ಆಂಬುಲೆನ್ಸ್ ಸಿಗದಿದ್ದಾಗ ಪಕ್ಕದ ಮನೆಯ ಹುಡುಗ ತನ್ನ ಓಮ್ನಿಯ ಗಾಜುಗಳನ್ನೆಲ್ಲ ಇಳಿಸಿ, ಬಾಯಿಗೆ ಎರಡು ಟವೆಲ್ ಸುತ್ತಿಕೊಂಡು ನನ್ನನ್ನು ತುಮಕೂರಿಗೆ ಕರೆದುಕೊಂಡು ಹೋದ. ಅವನ ಮನೆಯಲ್ಲಿ ಆಗ ಎಂಟು ತಿಂಗಳ ಕೂಸಿತ್ತು. ಆ ರಾತ್ರಿ ಹಿಂತಿರುಗಿ ಬಂದವನು ಹದಿನಾಲ್ಕು ದಿನ ತೋಟದ ಪಂಪ್‌ಸೆಟ್ ಮನೆಯಲ್ಲಿ ಮಲಗಿದನಂತೆ. ಈ ವಿಷಯ ನನಗೆ ತಿಳಿದದ್ದು ಎರಡು ವರ್ಷ ಕಳೆದ ಮೇಲೆ.

ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆ. ಪಕ್ಕದ ಹಾಸಿಗೆಯಲ್ಲಿ ಗುಬ್ಬಿ ಕಡೆಯ ಅಜ್ಜಿಯೊಬ್ಬರಿದ್ದರು. ನಾನು ಆಮ್ಲಜನಕದ ಮುಖವಾಡ ಕಿತ್ತುಹಾಕಲು ಹೋದಾಗಲೆಲ್ಲ, "ಬೋರಲು ಮಲಗು ತಾಯಿ, ಉಸಿರು ಸಿಗುತ್ತದೆ" ಎನ್ನುತ್ತಿದ್ದರು. ವೈದ್ಯರು ಹೇಳಿದ್ದೂ ಅದನ್ನೇ. ಆದರೆ ಅಜ್ಜಿ ಹೇಳಿದರೆ ನಾನು ಕೇಳುತ್ತಿದ್ದೆ. ನಾಲ್ಕನೆಯ ರಾತ್ರಿ ಎದ್ದು ನೋಡಿದಾಗ ಆ ಹಾಸಿಗೆಯ ಬೆಡ್‌ಶೀಟ್ ಬದಲಾಗಿತ್ತು. ಅವರ ಹೆಸರನ್ನು ನಾನು ಕೇಳಿರಲಿಲ್ಲ. ಇವತ್ತಿಗೂ ಬೋರಲು ಮಲಗಿದರೆ ಆ ದನಿ ಕಿವಿಯಲ್ಲಿ ಇರುತ್ತದೆ.

ಮನೆಗೆ ಬಂದಾಗ ಎಲ್ಲರೂ ಮುಗಿಯಿತು ಎಂದುಕೊಂಡರು. ನನಗೂ ಹಾಗೆಯೇ ಅನಿಸಿತ್ತು. ಆ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22ರಂದು, ಎರಡೇ ದಿನ, ನಡೆಯಿತು. ಅಷ್ಟರೊಳಗೆ ಎದ್ದು ಓಡಾಡುತ್ತೇನೆಂದು ನಂಬಿದ್ದೆ. ಜುಲೈ ಬಂತು. ಸ್ನಾನ ಮಾಡಿ ಬಂದರೆ ಒಂದು ಗಂಟೆ ಮಲಗಬೇಕಿತ್ತು. ಎದ್ದು ನಿಂತರೆ ಎದೆ ಓಡಿಬಂದವರ ಹಾಗೆ ಹೊಡೆದುಕೊಳ್ಳುತ್ತಿತ್ತು. ಅಕ್ಕಿ ತೊಳೆಯಲು ಕೂತವಳು ಎಷ್ಟು ಪಾವು ಹಾಕಿದೆ ಎಂಬುದನ್ನು ಮರೆತು ಮತ್ತೆ ಸುರಿದು ಅಳೆಯುತ್ತಿದ್ದೆ. ಇಪ್ಪತ್ತೆರಡು ವರ್ಷ ಗಣಿತ ಪಾಠ ಮಾಡಿದವಳು ನಾನು.

ಎಕ್ಸ್‌ರೇ ಚೆನ್ನಾಗಿತ್ತು, ಎಕೋ ಚೆನ್ನಾಗಿತ್ತು, ಥೈರಾಯ್ಡ್, ರಕ್ತ ಎಲ್ಲವೂ ಸರಿಯಾಗಿದ್ದವು. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ಅಲ್ಲಿ ರಿಪೋರ್ಟುಗಳನ್ನು ನೋಡಿದವರು, "ನಿಮಗೆ ಏನೂ ಇಲ್ಲ, ಭಯ ಬಿಡಿ, ಮನಸ್ಸನ್ನು ಬೇರೆ ಕಡೆ ಹರಿಸಿ" ಎಂದರು. ಅವರನ್ನು ಬೈಯುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವರ ಬಾಗಿಲ ಮುಂದೆ ಆ ದಿನ ನೂರಾರು ಜನ ಕಾಯುತ್ತಿದ್ದರು. ಆದರೆ ಆ ಮಾತಿನಿಂದ ನನಗಾದ ನೋವು ಕಾಯಿಲೆಯ ನೋವಿಗಿಂತ ಹೆಚ್ಚು. ಬಸ್ಸಿನಲ್ಲಿ ವಾಪಸು ಬರುವಾಗ, ನಿಜವಾಗಿಯೂ ನಾನೇ ಕಲ್ಪಿಸಿಕೊಳ್ಳುತ್ತಿದ್ದೇನೆಯೇ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ವಿಚಾರಣೆ ಮಾಡಿಕೊಂಡೆ.

ಆ ಸಂಜೆ ನಮ್ಮ ಅತ್ತೆ ಹೇಳಿದ ಮಾತಿಗೆ ನಾನು ಜೀವನಪೂರ್ತಿ ಋಣಿ. ಅವರಿಗೆ 2006ರಲ್ಲಿ ಚಿಕುನ್‌ಗುನ್ಯಾ ಬಂದಿತ್ತು. ಆ ವರ್ಷ ನಮ್ಮ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಜನ ಕೋಲೂರಿ ನಡೆಯುತ್ತಿದ್ದದ್ದು ಹಿರಿಯರಿಗೆಲ್ಲ ನೆನಪಿರುತ್ತದೆ. "ನನಗೆ ಆ ಜ್ವರ ಇದ್ದದ್ದು ಮೂರು ದಿನ, ಕೀಲು ಹಿಡಿದಿದ್ದು ಎರಡು ವರ್ಷ" ಎಂದರು ಅತ್ತೆ. "ಮುದ್ದೆ ತೊಳಸಲು ಆಗುತ್ತಿರಲಿಲ್ಲ. ಆಗಲೂ ರಕ್ತ ಪರೀಕ್ಷೆ ಮಾಡಿ ಏನೂ ಇಲ್ಲ ಎಂದೇ ಹೇಳಿದ್ದರು. ನಿನಗೂ ಹಾಗೇ ಆಗಿದೆ, ಮಲಗು." ಅಷ್ಟೇ. ಆ ಮೇಲೆ ಈ ವಿಷಯ ಅವರು ಎತ್ತಲಿಲ್ಲ. ಎಪ್ಪತ್ತೊಂದು ವರ್ಷದ ಅವರು ಅಡುಗೆಮನೆಯನ್ನು ಮತ್ತೆ ವಹಿಸಿಕೊಂಡರು.

ಆ ಅಡುಗೆಮನೆಯ ಕಥೆಯನ್ನೂ ಹೇಳಬೇಕು. ಮೊದಲು ನನಗೆ ವಾಸನೆಯೇ ಹೋಗಿತ್ತು. ಆಗಸ್ಟ್‌ನಲ್ಲಿ ಮರಳಿತು, ಆದರೆ ಕೆಟ್ಟು ಮರಳಿತು. ಕಾಫಿ ಸುಟ್ಟ ರಬ್ಬರ್‌ನಂತೆ, ಈರುಳ್ಳಿ ಬೆಳ್ಳುಳ್ಳಿಯ ಒಗ್ಗರಣೆ ಕೊಳೆತ ಮಾಂಸದಂತೆ ನಾರುತ್ತಿತ್ತು. ಮೂಗಿನೊಳಗಿನ ನರಗಳು ಹೊಸದಾಗಿ ಬೆಳೆಯುವಾಗ ಮಿದುಳಿಗೆ ತಪ್ಪು ಸುದ್ದಿ ಮುಟ್ಟಿಸುವುದರಿಂದ ಹೀಗಾಗುತ್ತದೆ ಎಂದು ಆಮೇಲೆ ತಿಳಿಯಿತು. ಅತ್ತೆ ಎಂಟು ತಿಂಗಳು ಇಡೀ ಮನೆಗೆ ಒಗ್ಗರಣೆಯಿಲ್ಲದ ಅಡುಗೆ ಮಾಡಿದರು. ಮೊಸರನ್ನ, ನೆನೆಸಿದ ಅವಲಕ್ಕಿ, ಸಪ್ಪೆ ಬೇಳೆ. ಕಾಫಿ ಬೇಕೆನಿಸಿದವರು ಹಿತ್ತಲಿನ ಕಲ್ಲಿನ ಮೇಲೆ ಕೂತು ಕುಡಿದು, ಲೋಟ ಅಲ್ಲೇ ತೊಳೆದು ಒಳಗೆ ಬರುತ್ತಿದ್ದರು. ನಮ್ಮ ಯಜಮಾನರು ಮಳೆಯಲ್ಲಿ ಗೊಬ್ಬರದ ಚೀಲ ತಲೆಗೆ ಹೊದ್ದು ಕಾಫಿ ಕುಡಿಯುತ್ತಿದ್ದದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ಕೆಟ್ಟ ವಾಸನಾಶಕ್ತಿಯನ್ನು ಸರಿಪಡಿಸಲು ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಥಾಮಸ್ ಹುಮ್ಮೆಲ್ ಎಂಬ ವೈದ್ಯರು 2009ರಲ್ಲೇ ಪ್ರಕಟಿಸಿದ ಕ್ರಮವೊಂದಿದೆ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಒಂದೊಂದಾಗಿ ಮೂಸಿ, ಆ ವಾಸನೆ ಹೇಗಿತ್ತೆಂದು ನೆನಪು ಮಾಡಿಕೊಳ್ಳಬೇಕು. ನನ್ನ ಮಗಳು ನಾಲ್ಕು ಜಾಮಿನ ಬಾಟಲಿಗಳಿಗೆ ಚೀಟಿ ಅಂಟಿಸಿ ತಲೆದೆಸೆಯಲ್ಲಿಟ್ಟಳು. ಬಹಳ ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ದಿನ ತಿಪಟೂರಿನಲ್ಲಿ ಬಸ್ ಕೊಬ್ಬರಿ ಮಂಡಿಗಳ ಪಕ್ಕ ನಿಂತಾಗ, ಕಿಟಕಿಯಿಂದ ಒಣಗಿದ ಕೊಬ್ಬರಿಯ ಎಣ್ಣೆಗಂಪು ಸರಿಯಾಗಿ, ಚಿಕ್ಕಂದಿನಲ್ಲಿ ಇದ್ದ ಹಾಗೆಯೇ, ಬಂತು. ಬಸ್ಸಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೂ ಕೇಳದೆ ತಮ್ಮ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟರು. ಅವರಿಗೂ ನಮಸ್ಕಾರ.

ಕಾಯಿಲೆಗೆ ಅಂಕಿ ಕೊಟ್ಟವರು ಒಬ್ಬ ಯುವ ವೈದ್ಯೆ. ಎಲ್ಲರೂ ನನ್ನನ್ನು ಕೂರಿಸಿ ಪರೀಕ್ಷೆ ಮಾಡಿದ್ದರು. ಅವರು ಹತ್ತು ನಿಮಿಷ ಮಲಗಿಸಿ ನಾಡಿ ಎಣಿಸಿದರು, ಆಮೇಲೆ ಗೋಡೆಗೆ ಬೆನ್ನು ಆನಿಸಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಎಣಿಸಿದರು. ಮಲಗಿದಾಗ 74, ನಿಂತಾಗ 118. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಏರಿದರೆ ಅದು ಪಾಟ್ಸ್ ಎಂಬ ತೊಂದರೆಯ ಗುರುತು, ವೈರಸ್ ಜ್ವರಗಳ ನಂತರ ಕೆಲವರಿಗೆ ಬರುತ್ತದೆ ಎಂದರು. ನಿಂತಾಗ ರಕ್ತ ಕಾಲುಗಳ ಕಡೆ ಇಳಿಯುತ್ತದೆ, ಅದನ್ನು ಮೇಲೆತ್ತುವ ನರಗಳ ಹಿಡಿತ ತಪ್ಪಿದೆ, ಹೃದಯ ಪಾಪ ಓಡಿ ಓಡಿ ಸರಿದೂಗಿಸುತ್ತಿದೆ ಎಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ನನ್ನ ರಕ್ತದೊತ್ತಡ ನೋಡಿ, ನೀರು ಮತ್ತು ಉಪ್ಪು ಹೆಚ್ಚು ಮಾಡಲು ಹೇಳಿದರು. ಕಾಲಿಗೆ ಬಿಗಿಯಾದ ಸ್ಟಾಕಿಂಗ್ಸ್, ಒಂದು ಸಣ್ಣ ಮಾತ್ರೆಯನ್ನೂ ಕೊಟ್ಟರು. "ಅಮ್ಮಾ, ಇದು ನಿಮ್ಮ ಮನಸ್ಸಿನದಲ್ಲ" ಎಂದು ಅವರು ಹೇಳಿದ್ದು ನನಗೆ ಮಾತ್ರೆಗಿಂತ ಮೊದಲು ಕೆಲಸ ಮಾಡಿತು. ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ, ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದೆ.

ದಿನಕ್ಕೆ ಎಷ್ಟು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಲಿಸಿದವರು ಅಲ್ಲಿನ ಫಿಸಿಯೋಥೆರಪಿಸ್ಟ್. ಕಲಿಯಲು ನಾನು ತಡ ಮಾಡಿದೆ. 2021ರ ದೀಪಾವಳಿಗೆ ಸ್ವಲ್ಪ ಚೈತನ್ಯ ಬಂತೆಂದು ಮನೆಯೆಲ್ಲ ಗುಡಿಸಿ ತೊಳೆದೆ. ಆ ದಿನ ಏನೂ ಆಗಲಿಲ್ಲ, ಮರುದಿನವೂ ಆಗಲಿಲ್ಲ. ಮೂರನೆಯ ದಿನದಿಂದ ಒಂಬತ್ತು ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಈ ಕಾಯಿಲೆಯ ಸ್ವಭಾವವೇ ಅದು. ದುಡಿದ ದಣಿವು ಎರಡು ದಿನ ತಡವಾಗಿ ಬಂದು ಎಲ್ಲವನ್ನೂ ಕೆಡವುತ್ತದೆ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ನಡೆಯಿರಿ, ಎಲ್ಲ ಸರಿಹೋಗುತ್ತದೆ ಎಂದು ಪ್ರೀತಿಯಿಂದ ಹೇಳಿದವರೂ ಇದ್ದರು. ನನ್ನ ಮಟ್ಟಿಗೆ ಅದು ತಪ್ಪು ಸಲಹೆ. ಇದೇ ಸ್ಥಿತಿಯಲ್ಲಿ ಯಾರಾದರೂ ಇದ್ದರೆ, ದಣಿವಾಗುವ ಮೊದಲೇ ಕೂತುಬಿಡಿ ಎಂದು ಕೈಮುಗಿದು ಹೇಳುತ್ತೇನೆ.

ಡಿಸೆಂಬರ್‌ನಲ್ಲಿ ಶಾಲೆಗೆ ಮರಳಿದೆ. ಗಳಿಕೆ ರಜೆ ಖಾಲಿಯಾಗಿತ್ತು, ಅರ್ಧ ವೇತನ ರಜೆಯೂ ಮುಗಿಯುತ್ತಾ ಬಂದಿತ್ತು. ನಮ್ಮ ಗುಮಾಸ್ತರು ನನ್ನ ಕಾಗದಪತ್ರಗಳನ್ನು ತಾವೇ ಹೊತ್ತು ತಿರುಗಿದರು, ಒಂದು ಸಲವೂ ನನ್ನನ್ನು ಬಿಇಒ ಕಚೇರಿಯ ಮೆಟ್ಟಿಲು ಹತ್ತಿಸಲಿಲ್ಲ. ಮುಖ್ಯೋಪಾಧ್ಯಾಯಿನಿಯವರು ಹತ್ತನೆಯ ತರಗತಿಯನ್ನು ಮೇಲ್ಮಹಡಿಯಿಂದ ಕೆಳಗೆ ತಂದರು. ವಿಜ್ಞಾನದ ಮೇಷ್ಟ್ರು ನನ್ನ ಕೊನೆಯ ಅವಧಿಗಳನ್ನು ತಮ್ಮ ಮೊದಲ ಅವಧಿಗಳಿಗೆ ಬದಲಿಸಿಕೊಂಡರು. ಮಧ್ಯಾಹ್ನ ಇಪ್ಪತ್ತು ನಿಮಿಷ ನಾನು ಮಲಗಲೆಂದು ಪ್ರಯೋಗಾಲಯದಲ್ಲಿ ಚಾಪೆ ಹಾಸಿದ್ದು ಬಿಸಿಯೂಟದ ಅಕ್ಕಂದಿರು. ಆ ಚಾಪೆ ಇನ್ನೂ ಅಲ್ಲೇ ಇದೆ.

ನಾನು ಎಂದೂ ನೋಡದವರಿಗೂ ವಂದಿಸಬೇಕು. ಆಸ್ಪತ್ರೆಯಲ್ಲಿ ನನಗೆ ಕೊಟ್ಟ ಡೆಕ್ಸಾಮೆಥಸೋನ್ ಅಗ್ಗದ, ಹಳೆಯ ಔಷಧ. ಅದು ಆಮ್ಲಜನಕದ ಮೇಲಿರುವ ಕೋವಿಡ್ ರೋಗಿಗಳ ಪ್ರಾಣ ಉಳಿಸುತ್ತದೆ ಎಂದು 2020ರ ಜೂನ್‌ನಲ್ಲಿ ತೋರಿಸಿಕೊಟ್ಟದ್ದು ಬ್ರಿಟನ್ನಿನ ಅಧ್ಯಯನ. ಆಸ್ಪತ್ರೆಗಳಲ್ಲಿ ಮಲಗಿದ್ದ ಆರು ಸಾವಿರಕ್ಕೂ ಹೆಚ್ಚು ಜನ ಆ ಪರೀಕ್ಷೆಯ ಭಾಗವಾಗಿದ್ದರು. ಹಾಗೆಯೇ ಇಟಲಿಯ ಪುರಾತತ್ವಜ್ಞೆ ಎಲಿಸಾ ಪೆರೆಗೊ. 2020ರ ಮೇ ತಿಂಗಳಲ್ಲಿ ಟ್ವಿಟರ್‌ನಲ್ಲಿ ತಮ್ಮ ಕಾಯಿಲೆಯನ್ನು 'ಲಾಂಗ್ ಕೋವಿಡ್' ಎಂದು ಕರೆದವರು ಅವರು. ವಿಶ್ವ ಆರೋಗ್ಯ ಸಂಸ್ಥೆ ಈ ಸ್ಥಿತಿಗೆ ವ್ಯಾಖ್ಯೆ ಕೊಟ್ಟದ್ದು 2021ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮೊದಲೇ ರೋಗಿಗಳು ತಮ್ಮ ಕಾಯಿಲೆಗೆ ತಾವೇ ಹೆಸರಿಟ್ಟುಕೊಂಡಿದ್ದರು. ಹೆಸರಿದ್ದದ್ದರಿಂದ ಆ ಯುವ ವೈದ್ಯೆಗೆ ಓದಲು ಸಿಕ್ಕಿತು, ನನಗೆ ಗೋಡೆಗೆ ಆನಿ ನಿಲ್ಲುವ ಅವಕಾಶ ಸಿಕ್ಕಿತು.

ಪೂರ್ತಿ ಗುಣವಾಗಿದ್ದೇನೆ ಎಂದು ಹೇಳಲಾರೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿದಾಗ ನಾನು ಮಧ್ಯಾಹ್ನವೂ ಪರದೆ ಎಳೆದ ಕೋಣೆಯಲ್ಲಿ ಮಲಗಿದ್ದೆ. ಈಗ ಸ್ಟಾಕಿಂಗ್ಸ್ ಇಲ್ಲದೆ ನಿಲ್ಲಬಲ್ಲೆ, ಮಾತ್ರೆ ಅರ್ಧಕ್ಕೆ ಇಳಿದಿದೆ, ಒಗ್ಗರಣೆ ಮರಳಿದೆ. ಕಾಫಿ ಮಾತ್ರ ಇನ್ನೂ ಪೂರ್ತಿ ಕಾಫಿಯಾಗಿಲ್ಲ. ವೈರಸ್ಸಿನ ಚೂರುಗಳು ದೇಹದಲ್ಲೇ ಉಳಿದವೋ, ರೋಗನಿರೋಧಕ ಶಕ್ತಿ ತನ್ನವರ ಮೇಲೇ ತಿರುಗಿತೋ, ಎರಡೂ ಸೇರಿದವೋ, ಯಾವ ರಕ್ತ ಪರೀಕ್ಷೆಯೂ ನನಗೆ ಹೇಳಿಲ್ಲ. ಮತ್ತೊಮ್ಮೆ ಸೋಂಕು ತಗುಲಿದರೆ ಎಲ್ಲಿಗೆ ಜಾರುತ್ತೇನೆಂಬ ಭಯ ಪ್ರತಿ ಕೆಮ್ಮಿಗೂ ಬರುತ್ತದೆ. ಜೂನ್‌ನಲ್ಲಿ ಮೇಲ್ಮಹಡಿಯ ತರಗತಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದಾರೆ. ಜುಲೈನಲ್ಲಿ ಹೇಳುತ್ತೇನೆ ಎಂದಿದ್ದೇನೆ.

ಕೊನೆಗೆ 2021-22ರ ಹತ್ತನೆಯ ತರಗತಿಯ ಮಕ್ಕಳಿಗೆ. ಮರಳಿ ಬಂದ ಎರಡನೆಯ ವಾರ ವರ್ಗ ಸಮೀಕರಣ ಮಾಡುತ್ತಿದ್ದೆ. ಮಧ್ಯಪದವನ್ನು ಒಡೆಯಬೇಕಿತ್ತು. ಗುಣಿಸಿದರೆ 12, ಕೂಡಿಸಿದರೆ 7 ಬರುವ ಎರಡು ಸಂಖ್ಯೆಗಳು. ಸೀಮೆಸುಣ್ಣ ಹಲಗೆಗೆ ತಾಗಿಸಿ ನಿಂತೆ. ಬರಲಿಲ್ಲ. ತಲೆಯೊಳಗೆ ಬಿಳಿಯ ಮಂಜು. ತರಗತಿ ಸದ್ದಿಲ್ಲದೆ ಕೂತಿತ್ತು. ಎಷ್ಟು ಹೊತ್ತಾಯಿತೋ, ಮೂರನೆಯ ಬೆಂಚಿನಿಂದ ಒಬ್ಬಳು ಮೆಲ್ಲಗೆ, "ಮೂರು, ನಾಲ್ಕು, ಮಿಸ್" ಎಂದಳು. ನಾನು ತಿರುಗದೆ ಬರೆದೆ. ಮರುದಿನದಿಂದ ಪ್ರತಿ ಹೆಜ್ಜೆಗೂ ಯಾರಾದರೊಬ್ಬರು ಕೈ ಎತ್ತಿ, "ಮುಂದಿನದನ್ನು ನಾನು ಹೇಳುತ್ತೇನೆ ಮಿಸ್" ಎನ್ನತೊಡಗಿದರು. ಸರದಿಯ ಪ್ರಕಾರ ನಡೆಯುತ್ತಿತ್ತು ಅದು. ಬೆಂಚಿನಿಂದ ಬೆಂಚಿಗೆ ಸರದಿ ಹೋಗುತ್ತಿದ್ದದ್ದನ್ನು ನಾನು ತಿಂಗಳ ನಂತರ ಗಮನಿಸಿದೆ. ಪರೀಕ್ಷೆಯವರೆಗೂ ಅವರು ಅದನ್ನು ಬಿಡಲಿಲ್ಲ, ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮೂರನೆಯ ಬೆಂಚಿನ ಹುಡುಗಿ ಈಗ ಪದವಿ ಓದುತ್ತಿದ್ದಾಳೆಂದು ಕೇಳಿದ್ದೇನೆ. ಉತ್ತರ ಹೇಳಿದ ಮಕ್ಕಳಿಗೆಲ್ಲ ನಾನು ತಪ್ಪದೆ ಹೇಳುವ ಒಂದು ಮಾತನ್ನು ಅಂದು ಅವಳಿಗೆ ಹೇಳಲಿಲ್ಲ. ಮೂರು, ನಾಲ್ಕು. ಸರಿಯಾಗಿತ್ತು, ಮಗಳೇ.