ಆಸ್ಪತ್ರೆ ಯಾರದ್ದು ಎನ್ನುವ ಮುನ್ನ, ದುಡ್ಡು ಕೇಳುವುದು ಯಾವಾಗ ಎಂದು ನೋಡೋಣ

ಸಂಪಾದಕರಿಗೆ,

ಮಾನ್ಯರೇ,

ಆರೋಗ್ಯ ಸೇವೆ ಸರ್ಕಾರದ ಕೈಯಲ್ಲಿರಬೇಕೋ ಖಾಸಗಿಯವರ ಕೈಯಲ್ಲಿರಬೇಕೋ ಎಂಬ ಚರ್ಚೆ ಎದ್ದಾಗಲೆಲ್ಲ ಬ್ರಿಟನ್ನನ್ನು ಒಂದು ತಟ್ಟೆಗೆ, ಅಮೆರಿಕವನ್ನು ಇನ್ನೊಂದು ತಟ್ಟೆಗೆ ಹಾಕಿ ತೂಗುವುದು ರೂಢಿಯಾಗಿಬಿಟ್ಟಿದೆ. ಈ ತಕ್ಕಡಿಗೆ ಆ ಎರಡು ದೇಶಗಳೇ ಒಗ್ಗುವುದಿಲ್ಲ. ಬ್ರಿಟನ್ನಿನಲ್ಲಿ ಜ್ವರ ಬಂದವರು ಮೊದಲು ಹೋಗುವ ಕುಟುಂಬ ವೈದ್ಯರ ಕ್ಲಿನಿಕ್‌ಗಳಲ್ಲಿ ಹೆಚ್ಚಿನವು ವೈದ್ಯರೇ ಪಾಲುದಾರರಾಗಿ ನಡೆಸುವ ಸ್ವಂತ ಸಂಸ್ಥೆಗಳು. ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ಜೊತೆ ಅವರಿಗಿರುವುದು ಕರಾರಿನ ಸಂಬಂಧ. ಇತ್ತ ಅಮೆರಿಕದಲ್ಲಿ 65 ದಾಟಿದವರ ಚಿಕಿತ್ಸೆಗೆ 1965ರಿಂದ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ಯೋಜನೆಗಳಿವೆ. ಮಾಜಿ ಸೈನಿಕರಿಗೆ ಸರ್ಕಾರವೇ ಕಟ್ಟಿ, ಸಂಬಳ ಕೊಟ್ಟು ವೈದ್ಯರನ್ನಿಟ್ಟು ನಡೆಸುವ ಆಸ್ಪತ್ರೆಗಳೂ ಇವೆ.

ಆದ್ದರಿಂದ ಒಂದು ದೇಶಕ್ಕೆ 'ಸರ್ಕಾರಿ' ಅಥವಾ 'ಖಾಸಗಿ' ಎಂಬ ಚೀಟಿ ಅಂಟಿಸುವ ಮೊದಲು ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ದುಡ್ಡು ಯಾರಿಂದ, ಯಾವಾಗ ವಸೂಲಾಗುತ್ತದೆ? ದರ ನಿಗದಿ ಮಾಡುವವರು ಯಾರು? ಆಸ್ಪತ್ರೆಯ ಒಡೆಯರು ಯಾರು? ನಮ್ಮ ಚರ್ಚೆಯೆಲ್ಲ ಮೂರನೆಯದರ ಸುತ್ತಲೇ ಗಿರಕಿ ಹೊಡೆಯುತ್ತದೆ. ರೋಗಿಯ ಬದುಕನ್ನು ನಿರ್ಧರಿಸುವುದು ಮಾತ್ರ ಮೊದಲ ಎರಡು.

ಜಪಾನನ್ನೇ ನೋಡಿ. ಅಲ್ಲಿನ ಆಸ್ಪತ್ರೆಗಳಲ್ಲಿ ಹೆಚ್ಚಿನವು ಖಾಸಗಿ. ಹಾಗಿದ್ದೂ 1961ರಿಂದ ಪ್ರತಿಯೊಬ್ಬರಿಗೂ ವಿಮೆ ಕಡ್ಡಾಯ, ಮತ್ತು ದೇಶಕ್ಕೆಲ್ಲ ಒಂದೇ ದರಪಟ್ಟಿ. ರಕ್ತಪರೀಕ್ಷೆಗೆ, ಎಕ್ಸ್‌ರೇಗೆ, ಶಸ್ತ್ರಚಿಕಿತ್ಸೆಗೆ ಇಂತಿಷ್ಟು 'ಅಂಕ' ಎಂದು ಆ ಪಟ್ಟಿ ಹೇಳುತ್ತದೆ. ಒಂದು ಅಂಕಕ್ಕೆ 10 ಯೆನ್. ಹೆಸರಾಂತ ಆಸ್ಪತ್ರೆಯ ಹಿರಿಯ ವೈದ್ಯರಿಗೂ ಮೂಲೆಯ ಕ್ಲಿನಿಕ್ಕಿನವರಿಗೂ ಅದೇ ಅಂಕ. ಎರಡು ವರ್ಷಕ್ಕೊಮ್ಮೆ ಪಟ್ಟಿಯ ಪರಿಷ್ಕರಣೆಯಾಗುತ್ತದೆ. ದುಡಿಯುವ ವಯಸ್ಸಿನ ರೋಗಿ ಬಿಲ್ಲಿನ ಶೇ 30ರಷ್ಟನ್ನು ಕೌಂಟರಿನಲ್ಲಿ ಕಟ್ಟಬೇಕು. ಶೇ 30 ಎಂದರೆ ದೊಡ್ಡ ಕಾಯಿಲೆಗೆ ಮನೆ ಮುಳುಗುವಷ್ಟೇ ಅಲ್ಲವೇ ಎಂದು ಕೇಳಬಹುದು. ಅದಕ್ಕೇ ತಿಂಗಳ ಮಿತಿಯೊಂದಿದೆ. ಮಧ್ಯಮ ಆದಾಯದವರಿಗೆ ಹಲವು ವರ್ಷ ಜಾರಿಯಲ್ಲಿದ್ದ ಸೂತ್ರ ಹೀಗಿತ್ತು: 80,100 ಯೆನ್, ಜೊತೆಗೆ ಒಟ್ಟು ಬಿಲ್ಲಿನಲ್ಲಿ 2,67,000 ದಾಟಿದ ಮೊತ್ತದ ಶೇ 1. ಬಿಲ್ 10 ಲಕ್ಷ ಯೆನ್ ಆದರೆ ಶೇ 30ರ ಲೆಕ್ಕದಲ್ಲಿ 3 ಲಕ್ಷ ಕಟ್ಟಬೇಕಿತ್ತು. ಸೂತ್ರದ ಪ್ರಕಾರ ಕಟ್ಟುವುದು 87,430. ಹನ್ನೆರಡು ತಿಂಗಳಲ್ಲಿ ಮೂರು ಸಲ ಮಿತಿ ಮುಟ್ಟಿದವರಿಗೆ ನಾಲ್ಕನೆಯ ಸಲದಿಂದ ಅದೂ 44,400ಕ್ಕೆ ಇಳಿಯುತ್ತಿತ್ತು. ಕ್ಯಾನ್ಸರ್ ಚಿಕಿತ್ಸೆಯಂತೆ ತಿಂಗಳುಗಟ್ಟಲೆ ಎಳೆಯುವ ಕಾಯಿಲೆಗಳನ್ನು ಕಣ್ಣೆದುರಿಟ್ಟುಕೊಂಡೇ ಬರೆದ ನಿಯಮ ಇದು. ಇದರಲ್ಲಿ ದೋಷವಿಲ್ಲವೆಂದಲ್ಲ. ಪ್ರತಿ ಭೇಟಿಯ ದರ ಕಡಿಮೆಯಾದ್ದರಿಂದ ಕ್ಲಿನಿಕ್‌ಗಳು ಭೇಟಿಗಳ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ: ಗಂಟೆಗಟ್ಟಲೆ ಕಾದವರಿಗೆ ವೈದ್ಯರು ಸಿಗುವುದು ಕೆಲವೇ ನಿಮಿಷ, ಮತ್ತೆ ಮುಂದಿನ ವಾರ ಬನ್ನಿ. ಆದರೆ ಬಿಲ್ ನೋಡಿ ಎದೆ ಒಡೆದುಕೊಳ್ಳುವ ಸ್ಥಿತಿ ಅಲ್ಲಿಲ್ಲ.

ಅಮೆರಿಕದ ಬಿಲ್ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಡಬೇಕು. ಕಂಪನಿ ಕೊಡಿಸಿದ ವಿಮೆ ಇರುವವರನ್ನೇ ತೆಗೆದುಕೊಳ್ಳೋಣ. ತಿಂಗಳ ಕಂತು ಸಂಬಳದಿಂದ ಹೋಗುತ್ತಲೇ ಇರುತ್ತದೆ. ಅದರ ಮೇಲೆ ವರ್ಷಕ್ಕೆ ಇಂತಿಷ್ಟು ಮೊತ್ತವನ್ನು ರೋಗಿಯೇ ಭರಿಸುವವರೆಗೆ ವಿಮೆ ಬಾಯಿ ತೆರೆಯುವುದಿಲ್ಲ, ಅದು ಡಿಡಕ್ಟಿಬಲ್. ಅದು ಮುಗಿದ ಮೇಲೂ ಉಳಿದದ್ದರಲ್ಲಿ ಶೇಕಡಾವಾರು ಪಾಲು ರೋಗಿಯದೇ. ಡಿಡಕ್ಟಿಬಲ್ 3,000 ಡಾಲರ್, ಪಾಲು ಶೇ 20, ಬಿಲ್ 20,000 ಎಂದಿಟ್ಟುಕೊಂಡರೆ 3,000ಕ್ಕೆ 17,000ದ ಶೇ 20, ಅಂದರೆ 3,400 ಸೇರಿ 6,400 ಡಾಲರ್ ಕೈಯಿಂದ ಹೋಗುತ್ತದೆ. ಇದು ಎಲ್ಲ ಸರಿಯಾಗಿ ನಡೆದಾಗಿನ ಲೆಕ್ಕ. ಆಸ್ಪತ್ರೆಯದ್ದೊಂದು ಬಿಲ್, ಶಸ್ತ್ರಚಿಕಿತ್ಸಕರದ್ದು ಇನ್ನೊಂದು, ಅರಿವಳಿಕೆ ತಜ್ಞರದ್ದು ಮತ್ತೊಂದು, ಪ್ರಯೋಗಾಲಯದ್ದು ಮಗದೊಂದು ಬರಬಹುದು. ಆಸ್ಪತ್ರೆ ವಿಮಾ ಕಂಪನಿಯೊಂದಿಗೆ ಕರಾರು ಇರುವವರ ಪಟ್ಟಿಯಲ್ಲಿದ್ದು, ಅದೇ ಆಸ್ಪತ್ರೆಯ ಅರಿವಳಿಕೆ ತಜ್ಞರು ಪಟ್ಟಿಯಲ್ಲಿಲ್ಲದಿದ್ದರೆ ಅವರ ಬಿಲ್ಲಿನ ವ್ಯತ್ಯಾಸವೆಲ್ಲ ರೋಗಿಯ ತಲೆಗೆ ಬರುತ್ತಿತ್ತು. ಪ್ರಜ್ಞೆಯಿಲ್ಲದೆ ಮಲಗಿರುವವರು ಅರಿವಳಿಕೆ ಕೊಡುವವರನ್ನು ಪಟ್ಟಿ ನೋಡಿ ಆರಿಸುವುದು ಹೇಗೆ? ಈ ಅನ್ಯಾಯಕ್ಕೆ ಬಹುಮಟ್ಟಿಗೆ ತಡೆ ಬಿದ್ದದ್ದು 2022ರ ಜನವರಿಯಿಂದ ಜಾರಿಯಾದ ಕಾನೂನಿನಿಂದ. ಅದರಲ್ಲೂ ರಸ್ತೆಯ ಆಂಬುಲೆನ್ಸನ್ನು ಹೊರಗಿಡಲಾಯಿತು. ತುರ್ತು ವಿಭಾಗಕ್ಕೆ ಬಂದವರನ್ನು ದುಡ್ಡಿಲ್ಲವೆಂದು ವಾಪಸ್ ಕಳಿಸುವಂತಿಲ್ಲ, ಪರೀಕ್ಷಿಸಿ ಸ್ಥಿತಿ ಸ್ಥಿರವಾಗುವವರೆಗೆ ನೋಡಿಕೊಳ್ಳಬೇಕು ಎಂಬ ಕಾನೂನು 1986ರಿಂದಲೇ ಇದೆ. ಆ ಖರ್ಚು ಯಾರದ್ದು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಬಿಲ್ ಮನೆಗೆ ಬಂದೇ ಬರುತ್ತದೆ.

ಬ್ರಿಟನ್ 1948ರ ಜುಲೈ 5ರಂದು ಇನ್ನೊಂದು ದಾರಿ ಹಿಡಿಯಿತು. ಖರ್ಚು ಬಹುಪಾಲು ತೆರಿಗೆಯಿಂದ. ಚಿಕಿತ್ಸೆಯ ಹೊತ್ತಿನಲ್ಲಿ ದುಡ್ಡು ಕೇಳುವುದಿಲ್ಲ. ಮಗುವಿಗೆ ಉಸಿರಾಟದ ತೊಂದರೆಯೆಂದು ನಡುರಾತ್ರಿ ಓಡುವ ತಾಯಿ ಪರ್ಸು ಹುಡುಕಬೇಕಿಲ್ಲ. ಎಷ್ಟು ದೊಡ್ಡ ಬಿಡುಗಡೆ ಅದು ಎಂಬುದು ಹುಡುಕಬೇಕಾಗಿ ಬಂದವರಿಗೆ ಗೊತ್ತು. ಇಲ್ಲಿ ಬೆಲೆ ತೆರುವುದು ಸಮಯದ ರೂಪದಲ್ಲಿ. ತಜ್ಞರಿಗೆ ಶಿಫಾರಸಾದ ರೋಗಿಗಳಲ್ಲಿ ಶೇ 92ರಷ್ಟು ಮಂದಿಗೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬುದು ಇಂಗ್ಲೆಂಡಿನ ಗುರಿ. 2016ರ ನಂತರ ಅದು ಈಡೇರಿಲ್ಲ, 2022ರಲ್ಲಿ ಕಾಯುವ ಪಟ್ಟಿ 70 ಲಕ್ಷ ದಾಟಿತು. ಕಾರಣ ಆಸ್ಪತ್ರೆ ಸರ್ಕಾರದ್ದು ಎಂಬುದಲ್ಲ. ಹಾಸಿಗೆ ಮತ್ತು ಸಿಬ್ಬಂದಿ ಬೇಡಿಕೆಗೆ ತಕ್ಕಂತೆ ಇಲ್ಲ. ಅದಕ್ಕಿಂತ ಕಾಣದ ಇನ್ನೊಂದು ಕಾರಣವೂ ಇದೆ: ಚಿಕಿತ್ಸೆ ಮುಗಿದ ವೃದ್ಧರನ್ನು ಮನೆಯಲ್ಲೋ ಆರೈಕೆ ಕೇಂದ್ರದಲ್ಲೋ ನೋಡಿಕೊಳ್ಳುವ ವ್ಯವಸ್ಥೆ ಎನ್‌ಎಚ್‌ಎಸ್‌ನ ಹೊರಗಿದೆ, ಅದು ಉಚಿತವೂ ಅಲ್ಲ. ಹೋಗಲು ಜಾಗವಿಲ್ಲದೆ ಅವರು ವಾರ್ಡಿನಲ್ಲೇ ಉಳಿಯುತ್ತಾರೆ, ತುರ್ತು ವಿಭಾಗದವರು ಹಾಸಿಗೆಗಾಗಿ ಕಾಯುತ್ತಾರೆ, ಹೊರಗೆ ಆಂಬುಲೆನ್ಸ್ ನಿಲ್ಲುತ್ತದೆ. ಹಿಂದಿನ ಬಾಗಿಲು ಮುಚ್ಚಿದರೆ ಮುಂದಿನ ಬಾಗಿಲಿನಲ್ಲಿ ಸಾಲು ಬೆಳೆಯುವುದೇ ಸೈ.

ಕಾಯುವ ಅವಧಿಯನ್ನು ದೇಶ ದೇಶಗಳ ನಡುವೆ ಹೋಲಿಸುವಾಗ ಗಡಿಯಾರ ಎಲ್ಲಿಂದ ಓಡುತ್ತದೆಂದು ನೋಡದಿದ್ದರೆ ಅಂಕಿಗಳು ದಾರಿ ತಪ್ಪಿಸುತ್ತವೆ. ಇಂಗ್ಲೆಂಡಿನ 18 ವಾರ ಶುರುವಾಗುವುದು ಶಿಫಾರಸಿನಿಂದ. ಕೆನಡಾದಲ್ಲಿ ಮಂಡಿ ಅಥವಾ ಸೊಂಟದ ಕೀಲು ಬದಲಿಸಲು 26 ವಾರದ ಮಾನದಂಡವಿದೆ, ಆದರೆ ಅದರ ಎಣಿಕೆ ಶುರುವಾಗುವುದು ಶಸ್ತ್ರಚಿಕಿತ್ಸೆ ಮಾಡುವುದೆಂದು ತೀರ್ಮಾನವಾದ ಮೇಲೆ. ತಜ್ಞರನ್ನು ಕಾಣಲು ಕಾದ ತಿಂಗಳುಗಳು ಅದರಲ್ಲಿ ಬರುವುದಿಲ್ಲ. ಇನ್ನು, ಖರ್ಚಿಗೆ ಹೆದರಿ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರು ಯಾವ ಪಟ್ಟಿಯಲ್ಲೂ ಇಲ್ಲ. ಅವರು ಕಾಯುತ್ತಿರುವವರ ಲೆಕ್ಕಕ್ಕೇ ಸಿಗುವುದಿಲ್ಲ. ಸಾಲು ಚಿಕ್ಕದಾಗಿರುವ ದೇಶವನ್ನು ಮೆಚ್ಚುವ ಮೊದಲು ಸಾಲಿಗೆ ಬಾರದವರು ಎಷ್ಟೆಂದು ಕೇಳಲೇಬೇಕು.

ವೈದ್ಯರಿಗೆ, ಆಸ್ಪತ್ರೆಗೆ ದುಡ್ಡು ಹೇಗೆ ಸಂದಾಯವಾಗುತ್ತದೆ ಎಂಬುದು ಒಡೆತನಕ್ಕಿಂತ ಹೆಚ್ಚು ಪರಿಣಾಮ ಬೀರುತ್ತದೆ. ಮಾಡಿದ ಪ್ರತಿ ಕೆಲಸಕ್ಕೆ ಶುಲ್ಕವೆಂದರೆ ಪರೀಕ್ಷೆ, ಭೇಟಿ, ಚುಚ್ಚುಮದ್ದು ಹೆಚ್ಚುತ್ತವೆ. ನೋಂದಾಯಿಸಿದ ತಲೆಗಿಷ್ಟು ಎಂದು ಕೊಟ್ಟರೆ ಆ ಆಸೆ ಹೋಗುತ್ತದೆ, ಬದಲಿಗೆ ಕಷ್ಟದ ರೋಗಿಯನ್ನು ಬೇರೆಡೆಗೆ ಸಾಗಹಾಕುವ ಆಸೆ ಬರುತ್ತದೆ. ಕಾಯಿಲೆಗಿಷ್ಟು ಎಂಬ ಪ್ಯಾಕೇಜ್ ದರ, ಅಂದರೆ ಅಮೆರಿಕದ ಮೆಡಿಕೇರ್ 1983ರಲ್ಲಿ ತಂದ ಡಿಆರ್‌ಜಿ ಪದ್ಧತಿಯಲ್ಲಿ, ರೋಗಿಯನ್ನು ಬೇಗ ಮನೆಗೆ ಕಳಿಸುವುದು ಲಾಭ. ದಾಖಲೆಯಲ್ಲಿ ಕಾಯಿಲೆಯನ್ನು ಒಂದು ಮೆಟ್ಟಿಲು ಏರಿಸಿ ಬರೆಯುವುದೂ ಲಾಭ. ವರ್ಷಕ್ಕಿಷ್ಟು ಎಂದು ಗಂಟು ಕಟ್ಟಿ ಕೊಟ್ಟರೆ ವರ್ಷದ ಕೊನೆಯಲ್ಲಿ ಕೆಲಸ ನಿಧಾನವಾಗುತ್ತದೆ. ದೋಷವಿಲ್ಲದ ಪದ್ಧತಿ ಇಲ್ಲ, ಬೆರಕೆಯೇ ಗತಿ.

ಇದನ್ನು ಒಂದೇ ಸೂರಿನಡಿ ನೋಡಬೇಕೆಂದರೆ ಥಾಯ್ಲೆಂಡ್ ಇದೆ. ಬೇರಾವ ರಕ್ಷಣೆಯೂ ಇಲ್ಲದ ಜನರಿಗೆಂದು 2002ರಲ್ಲಿ ಬಂದ ಯೋಜನೆಯಲ್ಲಿ ಹೊರರೋಗಿ ಸೇವೆಗೆ ತಲೆಗಿಷ್ಟು ಹಣ. ಸರ್ಕಾರಿ ನೌಕರರ ಯೋಜನೆಯಲ್ಲಿ ಹೊರರೋಗಿ ಸೇವೆಗೆ ಮಾಡಿದ್ದಕ್ಕೆಲ್ಲ ಶುಲ್ಕ. ಅದೇ ಸರ್ಕಾರಿ ಆಸ್ಪತ್ರೆ, ಅದೇ ವೈದ್ಯರು; ಆದರೂ ನೌಕರರ ಯೋಜನೆಯಲ್ಲಿ ತಲಾ ಖರ್ಚು ಹಲವು ಪಟ್ಟು ಹೆಚ್ಚು, ದುಬಾರಿ ಬ್ರ್ಯಾಂಡಿನ ಔಷಧಿಯ ಚೀಟಿಯೂ ಅವರಿಗೇ ಹೆಚ್ಚು. ಚೀನಾದ್ದು ಇನ್ನೂ ಕಣ್ಣು ತೆರೆಸುವ ಕಥೆ. 1980ರ ದಶಕದಿಂದ ಅಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಅನುದಾನ ಇಳಿಸಿ, ಔಷಧಿಯನ್ನು ಶೇ 15 ಲಾಭವಿಟ್ಟು ಮಾರಿಕೊಳ್ಳಲು ಬಿಡಲಾಯಿತು. ಔಷಧಿ ದುಬಾರಿಯಾದಷ್ಟೂ ಆಸ್ಪತ್ರೆಗೆ ಹೆಚ್ಚು ವರಮಾನ, ಬೇಡವಾದ ಆ್ಯಂಟಿಬಯಾಟಿಕ್ಕೂ ಡ್ರಿಪ್ಪೂ ಧಾರಾಳ. ಈ ಲಾಭವನ್ನು ದೇಶದಾದ್ಯಂತ ರದ್ದು ಮಾಡಿದ್ದು 2017ರಲ್ಲಿ. ಬೋರ್ಡಿನ ಮೇಲೆ ಸರ್ಕಾರದ ಹೆಸರಿದ್ದ ಮಾತ್ರಕ್ಕೆ ರೋಗಿಗೆ ರಕ್ಷಣೆ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೊರಿಯಾ ಮತ್ತು ಜಪಾನಿನ ನಡುವಿನ ಸಣ್ಣ ವ್ಯತ್ಯಾಸವೊಂದನ್ನೂ ಇಲ್ಲಿ ಹೇಳಬೇಕು. ದಕ್ಷಿಣ ಕೊರಿಯಾ 1989ಕ್ಕೆ ಎಲ್ಲರನ್ನೂ ವಿಮೆಯೊಳಗೆ ತಂದಿತು, ದರವನ್ನೂ ಬಿಗಿಯಾಗಿ ಹಿಡಿಯಿತು. ಆದರೆ ವಿಮೆಯ ಪಟ್ಟಿಯಲ್ಲಿಲ್ಲದ ಪರೀಕ್ಷೆ, ಚಿಕಿತ್ಸೆಗಳನ್ನು ಅದೇ ಭೇಟಿಯಲ್ಲಿ ಸೇರಿಸಿ ಬೇರೆ ಬಿಲ್ ಮಾಡಲು ಬಿಟ್ಟಿತು. ಪಟ್ಟಿಯ ದರ ಕಡಿಮೆಯಾದ್ದರಿಂದ ಆಸ್ಪತ್ರೆಗಳು ಪಟ್ಟಿಯಾಚೆಯ ಸೇವೆಗಳತ್ತ ವಾಲಿದವು, ಜನ ಅದಕ್ಕೆಂದೇ ಇನ್ನೊಂದು ಖಾಸಗಿ ವಿಮೆ ಕೊಳ್ಳಬೇಕಾಯಿತು. ಜಪಾನ್ ಇಂಥ ಬೆರಕೆ ಬಿಲ್ಲನ್ನು ಕೆಲವು ವಿನಾಯಿತಿಗಳನ್ನು ಬಿಟ್ಟರೆ ಒಪ್ಪುವುದಿಲ್ಲ. ದರ ಕಟ್ಟಿಹಾಕಿ ಪಕ್ಕದ ಕಿಂಡಿ ತೆರೆದಿಟ್ಟರೆ ದುಡ್ಡು ಆ ಕಿಂಡಿಯಿಂದಲೇ ಸೋರುತ್ತದೆ.

ಎಲ್ಲರೂ ಸ್ವಲ್ಪವಾದರೂ ಕಟ್ಟಲಿ, ಆಗ ಸುಮ್ಮಸುಮ್ಮನೆ ಬರುವವರು ಕಡಿಮೆಯಾಗುತ್ತಾರೆ ಎಂಬ ಮಾತಿಗೆ ನಮ್ಮ ತಕರಾರಿದೆ. ಅಮೆರಿಕದಲ್ಲಿ 1974ರಿಂದ 1982ರವರೆಗೆ ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಸಾವಿರಾರು ಜನರ ಮೇಲೆ ನಡೆಸಿದ ಪ್ರಯೋಗದಲ್ಲಿ ಕೆಲವರಿಗೆ ಪೂರ್ತಿ ಉಚಿತ, ಉಳಿದವರಿಗೆ ಬಿಲ್ಲಿನ ಪಾಲು ಶೇ 95ರವರೆಗೆ ಇತ್ತು. ಪಾಲು ಕೊಡಬೇಕಾದವರು ಆಸ್ಪತ್ರೆಗೆ ಹೋಗುವುದನ್ನು ಕಡಿಮೆ ಮಾಡಿದ್ದು ನಿಜ. ಆದರೆ ಬೇಡವಾದ ಭೇಟಿಯನ್ನೂ ಬೇಕಾದ ಭೇಟಿಯನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಿಟ್ಟಿದ್ದರು. ಎದೆನೋವು ವಾಯುವಿನದೋ ಹೃದಯದ್ದೋ ಎಂದು ರೋಗಿಗೇ ಗೊತ್ತಿದ್ದರೆ ವೈದ್ಯರೇಕೆ ಬೇಕು? ಸರಾಸರಿ ಆರೋಗ್ಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ಬಡವರಲ್ಲಿ ಅಧಿಕ ರಕ್ತದೊತ್ತಡ ಇದ್ದವರಿಗೆ ಉಚಿತ ಚಿಕಿತ್ಸೆಯಿಂದ ಸ್ಪಷ್ಟ ಅನುಕೂಲವಾಗಿತ್ತು. ಜರ್ಮನಿ 2004ರಲ್ಲಿ ಮೂರು ತಿಂಗಳಿಗೊಮ್ಮೆ 10 ಯೂರೋ ಕ್ಲಿನಿಕ್ ಶುಲ್ಕ ತಂದು, ವಸೂಲಿಯ ಕಾಗದಪತ್ರದಲ್ಲಿ ಕ್ಲಿನಿಕ್‌ಗಳು ಸುಸ್ತಾಗಿ, 2012ರ ಕೊನೆಗೆ ಅದನ್ನು ಕೈಬಿಟ್ಟಿತು. ನೆದರ್ಲೆಂಡ್ಸ್ ಇದಕ್ಕಿಂತ ಜಾಣತನ ತೋರಿತು. ವರ್ಷಕ್ಕೆ 385 ಯೂರೋವರೆಗೆ ರೋಗಿಯೇ ಭರಿಸಬೇಕು, ಆದರೆ ಕುಟುಂಬ ವೈದ್ಯರ ಭೇಟಿಗೂ ಹೆರಿಗೆ ಆರೈಕೆಗೂ 18ರೊಳಗಿನ ಮಕ್ಕಳಿಗೂ ಅದು ಅನ್ವಯಿಸುವುದಿಲ್ಲ.

ಆ ನೆದರ್ಲೆಂಡ್ಸಿನಲ್ಲಿ ವಿಮೆ ಮಾರುವವರು ಖಾಸಗಿ ಕಂಪನಿಗಳು. 2006ರ ಕಾನೂನು ಅವರನ್ನು ಕಟ್ಟಿಹಾಕಿದ ರೀತಿ ನೋಡಬೇಕು. ಮೂಲ ವಿಮೆಗೆ ಬಂದ ಯಾರನ್ನೂ ನಿರಾಕರಿಸುವಂತಿಲ್ಲ. ಒಂದೇ ಪಾಲಿಸಿಗೆ ಮಧುಮೇಹಿಗೂ ಗಟ್ಟಿಮುಟ್ಟಾದ ಯುವಕನಿಗೂ ಕಂತು ಒಂದೇ. ವಿಮೆ ಎಲ್ಲರಿಗೂ ಕಡ್ಡಾಯ. ಕಾಯಿಲೆಯವರೇ ಹೆಚ್ಚಾಗಿ ಸೇರಿದ ಕಂಪನಿಗೆ ಸಾಮಾನ್ಯ ನಿಧಿಯಿಂದ ಹೆಚ್ಚು ಹಣ ಬರುತ್ತದೆ. ವಯಸ್ಸು, ಹಿಂದೆ ಬಳಸಿದ ಔಷಧಿ ಎಲ್ಲ ನೋಡಿ ಆ ಲೆಕ್ಕ. ನಾಲ್ಕು ಕಾಲಿನ ಈ ಮಣೆಯಲ್ಲಿ ಒಂದು ಕಾಲು ಮುರಿದರೂ ಉಳಿದದ್ದು ನಿಲ್ಲದು. ಕಡ್ಡಾಯ ತೆಗೆದರೆ ಆರೋಗ್ಯವಂತರು ಹೊರಗುಳಿದು ಕಂತು ಏರುತ್ತದೆ, ನಿಧಿ ತೆಗೆದರೆ ಕಂಪನಿಗಳು ಕಾಯಿಲೆಯವರನ್ನು ತಪ್ಪಿಸುವ ಉಪಾಯ ಹುಡುಕುತ್ತವೆ. 'ಖಾಸಗಿ ವಿಮೆ ಅಲ್ಲಿ ಯಶಸ್ವಿಯಾಗಿದೆ' ಎಂದಷ್ಟೇ ಹೇಳಿ ಈ ನಾಲ್ಕನ್ನು ಹೇಳದವರ ಮಾತನ್ನು ನಂಬಬಾರದು.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟೇ. ದೇಶಗಳ ಹೋಲಿಕೆಯ ಕೋಷ್ಟಕ ಅಚ್ಚಾಗುವಾಗ ಆಸ್ಪತ್ರೆ ಯಾರದ್ದೆಂಬ ಕಾಲಂ ಜೊತೆಗೆ, ಒಟ್ಟು ಖರ್ಚಿನಲ್ಲಿ ರೋಗಿ ಚಿಕಿತ್ಸೆಯ ಹೊತ್ತಿನಲ್ಲಿ ಕೈಯಿಂದ ಕೊಟ್ಟದ್ದು ಎಷ್ಟು ಪಾಲು, ವರ್ಷಕ್ಕೆ ಅದಕ್ಕೆ ಮಿತಿ ಇದೆಯೇ, ಕಾಯುವ ಅವಧಿಯನ್ನು ಯಾವ ದಿನದಿಂದ ಎಣಿಸಿದ್ದಾರೆ ಎಂಬುದೂ ಇರಲಿ. ಆಸ್ಪತ್ರೆಯ ಹೊರಗೆ ಕೊಳ್ಳುವ ಔಷಧಿ, ಹಲ್ಲಿನ ಚಿಕಿತ್ಸೆ, ವೃದ್ಧರ ಆರೈಕೆ ಲೆಕ್ಕದಲ್ಲಿದೆಯೇ ಎಂದೂ ಬರೆಯಿರಿ. ವೈದ್ಯರ ಭೇಟಿಗೂ ಆಸ್ಪತ್ರೆಗೂ ದುಡ್ಡು ಕೇಳದ ಕೆನಡಾದಲ್ಲೇ ಮನೆಗೆ ಒಯ್ಯುವ ಮಾತ್ರೆಗಳು ದಶಕಗಟ್ಟಲೆ ರಾಷ್ಟ್ರೀಯ ಯೋಜನೆಯ ಹೊರಗುಳಿದವು. ಸರಾಸರಿ ಆಯಸ್ಸನ್ನು ಆರೋಗ್ಯ ವ್ಯವಸ್ಥೆಯ ಅಂಕವೆಂದು ಕೊಡಬೇಡಿ; ಬಂದೂಕು, ರಸ್ತೆ, ತಂಬಾಕು, ಆಹಾರ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿದ್ದರೆ ತಪ್ಪಿಸಬಹುದಾಗಿದ್ದ ಸಾವುಗಳ ಲೆಕ್ಕ ಬೇರೆಯೇ ಇದೆ, ಅದನ್ನು ಕೊಡಿ.

ಇತಿ,
ತಮ್ಮ ಓದುಗರು