ಹೊಗೆಗೂ ರಜೆ ಕೊಡ್ತೀರಾ ಎಂದು ಕೇಳಿದ ಪೋಷಕರಿಗೆ

ಎಲ್ಲ ಪೋಷಕರಿಗೂ ನಮಸ್ಕಾರ.

ಡಿಸೆಂಬರಿನಲ್ಲಿ ಏಳನೇ ಕ್ಲಾಸಿಗೆ ಒಬ್ಬಳು ಹುಡುಗಿ ಹೊಸದಾಗಿ ಸೇರಿದಳು. ಅಪ್ಪ ಸೈನ್ಯದಲ್ಲಿದ್ದಾರೆ, ಇಷ್ಟು ದಿನ ಎಲ್ಲರೂ ದೆಹಲಿಯಲ್ಲೇ ಇದ್ದರು. ಈಗ ತಾಯಿ ಮಗಳು ಇಲ್ಲಿ ಕೊಡಗಿಗೆ, ಅಜ್ಜಿ ಮನೆಗೆ ಬಂದಿದ್ದಾರೆ. ಅವಳು ಸೇರಿದ ಎರಡನೇ ದಿನ ಬೆಳಿಗ್ಗೆ ಮೈದಾನದ ತುಂಬ ಮಂಜು. ಧ್ವಜದ ಕಂಬ ಕೂಡ ಕಾಣುತ್ತಿರಲಿಲ್ಲ. ಉಳಿದ ಮಕ್ಕಳು ಎಂದಿನ ಹಾಗೆ ಅದರೊಳಗೇ ಓಡಾಡಿಕೊಂಡಿದ್ದರು. ಇವಳೊಬ್ಬಳು ಮಾತ್ರ ಜಗುಲಿಯಲ್ಲಿ ನಿಂತು ಮೂಗಿಗೆ ಕರ್ಚೀಫು ಒತ್ತಿಕೊಂಡು, "ಟೀಚರ್, ಇವತ್ತು ಹೊರಗೆ ಹೋಗಬಹುದಾ?" ಎಂದು ಕೇಳಿದಳು. ಇದು ಮಂಜು ಮಗಾ, ಹೊಗೆ ಅಲ್ಲ ಎಂದೆ. ಕರ್ಚೀಫು ಸ್ವಲ್ಪ ಸರಿಸಿ ಮೂಸಿ ನೋಡಿದಳು. ಆಮೇಲೆ ಓಡಿದಳು.

ಅವತ್ತಿನಿಂದ ಅದು ನನ್ನ ತಲೆಯಲ್ಲೇ ಇದೆ. ಹನ್ನೆರಡು ವರ್ಷದ ಮಗು ಉಸಿರಾಡೋ ಮುಂಚೆ ಗಾಳಿಯನ್ನು ಮೂಸಿ ನೋಡುತ್ತದೆ.

ಕಳೆದ ವಾರ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಶಾಲೆಯ ಹಿಂದಿನ ತಗ್ಗಿನಲ್ಲಿ ಬೆಳಿಗ್ಗೆ ಎಂಟು ಗಂಟೆಗೇ ಯಾರೋ ಕಸದ ರಾಶಿಗೆ ಬೆಂಕಿ ಕೊಟ್ಟರು. ಒಣ ಎಲೆಯ ಜೊತೆ ಹಾಲಿನ ಪ್ಯಾಕೆಟ್ಟು, ಹಳೇ ಚಪ್ಪಲಿ, ಗೊಬ್ಬರದ ಚೀಲ ಎಲ್ಲ ಇತ್ತು. ಪ್ರಾರ್ಥನೆ ಮುಗಿಯೋ ಹೊತ್ತಿಗೆ ನಾಲ್ಕನೇ ಕ್ಲಾಸಿನ ಹುಡುಗನಿಗೆ ಉಸಿರು ಸಿಗದೆ ಎದೆ ಸುಯ್ಯೋ ಸುಯ್ಯೋ ಅನ್ನತೊಡಗಿತು. ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವಾಗ ಅವನ ಹೆಗಲಿನ ಮೇಲಿದ್ದ ನನ್ನ ಕೈ ಅವನ ಉಸಿರಿನ ಜೊತೆ ಮೇಲೆ ಕೆಳಗೆ ಆಗುತ್ತಿತ್ತು. ಈಗ ಆರಾಮಾಗಿದ್ದಾನೆ, ಶಾಲೆಗೂ ಬರುತ್ತಿದ್ದಾನೆ.

ಅದೇ ಸಂಜೆ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೇಳಿದರು: ದೆಹಲಿಯಲ್ಲಿ ಹೊಗೆಗೆ ಶಾಲೆ ಮುಚ್ಚುತ್ತಾರಲ್ಲ, ಮಳೆಗೆ ಕೊಡೋ ಹಾಗೆ ನಮ್ಮಲ್ಲೂ ಹೊಗೆಗೆ ರಜೆ ಕೊಡಬಹುದಲ್ವಾ ಮೇಡಂ? ಒಳ್ಳೆ ಪ್ರಶ್ನೆ. ಗುಂಪಿನಲ್ಲಿ ಎರಡು ಸಾಲಿನಲ್ಲಿ ಉತ್ತರಿಸೋದಕ್ಕೆ ಆಗಲಿಲ್ಲ, ಅದಕ್ಕೇ ಈ ಪತ್ರ.

ಮೊದಲು ದೆಹಲಿಯ ವಿಷಯ. ಅಲ್ಲಿ ಸರ್ಕಾರ ಸುಮ್ನೆ ಒಂದು ದಿನ ಎದ್ದು ರಜೆ ಘೋಷಿಸೋದಿಲ್ಲ. ಗಾಳಿ ಕೆಟ್ಟಷ್ಟೂ ಹಂತ ಹಂತವಾಗಿ ಕ್ರಮ ಬಿಗಿ ಮಾಡೋ ಗ್ರಾಪ್ ಅಂತ ಒಂದು ಯೋಜನೆ ಇದೆ. ಸುಪ್ರೀಂ ಕೋರ್ಟ್ 2016ರ ಕೊನೆಯಲ್ಲಿ ಹೇಳಿದ ಮೇಲೆ 2017ರ ಜನವರಿಯಲ್ಲಿ ಜಾರಿಗೆ ಬಂತು. ಈಗ ಅದನ್ನು ನೋಡಿಕೊಳ್ಳೋದು ದೆಹಲಿ ಮತ್ತು ಸುತ್ತಲಿನ ಪ್ರದೇಶಕ್ಕೆಂದೇ ಇರುವ ವಾಯು ಗುಣಮಟ್ಟ ನಿರ್ವಹಣಾ ಆಯೋಗ. ಗಾಳಿ ಎಷ್ಟು ಕೆಟ್ಟಿದೆ ಅನ್ನೋದಕ್ಕೆ ಎಕ್ಯೂಐ ಎಂಬ ಒಂದು ಅಂಕಿ ಇರುತ್ತದೆ. 50ರ ಒಳಗಿದ್ದರೆ ಒಳ್ಳೆ ಗಾಳಿ. 200 ದಾಟಿದರೆ ಮೊದಲನೇ ಹಂತ ಶುರು, 300 ದಾಟಿದರೆ ಎರಡನೇದು, 400 ದಾಟಿದರೆ ಮೂರನೇದು, 450 ದಾಟಿದರೆ ನಾಲ್ಕನೇದು. ಎರಡನೇ ಹಂತದಲ್ಲಿ ಡೀಸೆಲ್ ಜನರೇಟರ್‌ಗಳಿಗೆ ಕಡಿವಾಣ, ಪಾರ್ಕಿಂಗ್ ಶುಲ್ಕ ಜಾಸ್ತಿ. ಮೂರರಲ್ಲಿ ತುರ್ತಿಲ್ಲದ ಕಟ್ಟಡ ಕೆಲಸ ನಿಲ್ಲುತ್ತದೆ, ಹಳೇ ಪೆಟ್ರೋಲ್ ಡೀಸೆಲ್ ಕಾರುಗಳು ರಸ್ತೆಗೆ ಇಳಿಯೋ ಹಾಗಿಲ್ಲ. ನಾಲ್ಕರಲ್ಲಿ ಅಗತ್ಯ ಸಾಮಾನು ತರುವಂಥವು ಬಿಟ್ಟರೆ ಹೆಚ್ಚಿನ ಲಾರಿಗಳನ್ನು ಗಡಿಯಲ್ಲೇ ತಡೆಯುತ್ತಾರೆ. ಶಾಲೆಗಳು ಆನ್‌ಲೈನಿಗೆ ಹೋಗೋದು ಹೆಚ್ಚಾಗಿ ಈ ಕೊನೆಯ ಹಂತಗಳಲ್ಲಿ.

2022ರಲ್ಲಿ ಒಂದು ಒಳ್ಳೆ ಬದಲಾವಣೆ ಮಾಡಿದರು. ಅಂಕಿ ಏರಿದ ಮೇಲೆ ಓಡೋ ಬದಲು ಹವಾಮಾನದ ಮುನ್ಸೂಚನೆ ನೋಡಿ ಮೂರು ದಿನ ಮುಂಚೆಯೇ ಕ್ರಮ ಶುರುಮಾಡಬೇಕು ಅಂತ. ಆದರೂ 2024ರ ನವೆಂಬರಿನಲ್ಲಿ ನಾಲ್ಕನೇ ಹಂತ ತಡವಾಗಿ ಜಾರಿ ಮಾಡಿದಿರಿ ಎಂದು ಸುಪ್ರೀಂ ಕೋರ್ಟ್ ತರಾಟೆಗೆ ತೆಗೆದುಕೊಂಡಿತು. ಆಗ ಅಲ್ಲಿ ಎಕ್ಯೂಐ 490 ದಾಟಿತ್ತು. ಅವತ್ತೇ ಹನ್ನೆರಡನೇ ಕ್ಲಾಸಿನವರೆಗೂ ಎಲ್ಲ ತರಗತಿ ನಿಲ್ಲಿಸಿ ಎಂದು ಕೋರ್ಟ್ ಹೇಳಿತು.

ಇನ್ನು ಮುಂದಿನದು ನಮ್ಮಂಥ ಶಾಲೆಗಳಿಗೆ ಬಹಳ ಮುಖ್ಯ. ಶಾಲೆ ಮುಚ್ಚಿ ಒಂದು ವಾರ ಆಗೋ ಹೊತ್ತಿಗೆ ಅದೇ ಕೋರ್ಟು, ಶಾಲೆ ತೆರೆಯೋ ಬಗ್ಗೆ ಮತ್ತೆ ಯೋಚಿಸಿ ಎಂದು ಆಯೋಗಕ್ಕೆ ಹೇಳಬೇಕಾಯಿತು. ಯಾಕೆಂದರೆ ಎಷ್ಟೋ ಮಕ್ಕಳಿಗೆ ಬಿಸಿಯೂಟ ತಪ್ಪಿತ್ತು. ಎಷ್ಟೋ ಮನೆಗಳಲ್ಲಿ ಆನ್‌ಲೈನ್ ಪಾಠಕ್ಕೆ ಫೋನಿಲ್ಲ. ಗಾಳಿ ಶುದ್ಧ ಮಾಡೋ ಯಂತ್ರ ಅಂತೂ ಇಲ್ಲವೇ ಇಲ್ಲ, ಹಾಗಾಗಿ ಮನೆಯಲ್ಲಿ ಕೂತರೂ ಅದೇ ಗಾಳಿ. ಇದನ್ನು ಓದಿದಾಗ ನನಗೆ ತೋಟದ ಕೆಲಸದವರ ಲೈನ್ ಮನೆಗಳಿಂದ ಬರೋ ನಮ್ಮ ಮಕ್ಕಳು ಕಣ್ಣಮುಂದೆ ಬಂದರು. ಕೊಯ್ಲಿನ ಸಮಯ, ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ತೋಟಕ್ಕೆ ಹೋಗಿರುತ್ತಾರೆ. ಆ ಮಗುವಿಗೆ ರಜೆ ಕೊಟ್ಟರೆ ಅದು ಇರೋದು ಎಲ್ಲಿ? ಅದೇ ಹೊಗೆಯ ಪಕ್ಕದಲ್ಲಿ, ಊಟ ಇಲ್ಲದೆ, ಒಬ್ಬಂಟಿಯಾಗಿ.

ಮಳೆ ರಜೆ ಬೇರೆ. ಜುಲೈನಲ್ಲಿ ಮರ ಬೀಳುತ್ತದೆ, ಹೊಳೆ ಏರುತ್ತದೆ, ಗುಡ್ಡದ ಬರೆ ಕುಸಿಯುತ್ತದೆ. 2018ರ ಮಳೆ, ಭೂಕುಸಿತವನ್ನು ನಾವ್ಯಾರೂ ಮರೆತಿಲ್ಲ. ಮಗು ಆಗ ದಾರಿಯಲ್ಲಿ ಇರಬಾರದು, ಡಿಸಿ ಅವರು ರಜೆ ಕೊಡೋದು ಅದಕ್ಕೆ. ಮಳೆಯನ್ನು ನಾವು ನಿಲ್ಲಿಸೋಕಾಗೋದಿಲ್ಲ. ಆದರೆ ಕಳೆದ ವಾರದ ಹೊಗೆಯನ್ನು ಒಬ್ಬ ಮನುಷ್ಯ ಒಂದು ಬೆಂಕಿಕಡ್ಡಿ ಗೀರಿ ಎಬ್ಬಿಸಿದ್ದು.

ಗ್ರಾಪ್‌ನ ಪಟ್ಟಿ ಓದುವಾಗ ನಾನು ನಿಂತಿದ್ದು ಮೊದಲನೇ ಹಂತದಲ್ಲಿ. ಎಲ್ಲರ ಕಣ್ಣೂ ಕೊನೇ ಹಂತದ ಶಾಲೆ ರಜೆಯ ಮೇಲೆ. ಆದರೆ ಮೊದಲನೇ ಹಂತದಲ್ಲೇ ಬರೆದಿದೆ: ಕಸ, ಎಲೆ, ಸೌದೆ ಬಯಲಿನಲ್ಲಿ ಸುಡಬೇಡಿ, ರಸ್ತೆಗೆ ನೀರು ಹಾಕಿ ಧೂಳು ಇಳಿಸಿ. ಅದನ್ನು ಮಾಡೋದಕ್ಕೆ ನಮಗೆ ಕೋರ್ಟೂ ಬೇಡ, ಆಯೋಗವೂ ಬೇಡ. ಅಲ್ಲದೆ ಬಯಲಲ್ಲಿ ಕಸ ಸುಡೋದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಇಡೀ ದೇಶಕ್ಕೆ ನಿಷೇಧಿಸಿದೆ, ದಂಡ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000. ದಂಡದ ಹೆದರಿಕೆ ಹಾಕೋದಕ್ಕೆ ಇದನ್ನು ಹೇಳುತ್ತಿಲ್ಲ. ಇದು ದೆಹಲಿಯವರಿಗೆ ಮಾತ್ರ ಇರೋ ನಿಯಮ ಅಂತ ಯಾರೂ ಅಂದುಕೊಳ್ಳಬಾರದು, ಅಷ್ಟೇ.

"ನಮ್ಮ ಕೊಡಗಿನ ಗಾಳಿಗೇನಾಗಿದೆ ಮೇಡಂ" ಎಂದು ಕೇಳುವವರೂ ಇದ್ದಾರೆ. ನಿಜ. ಮಡಿಕೇರಿಯ ಸ್ಟುವರ್ಟ್ ಹಿಲ್‌ನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರ ಇದೆ, ದೇಶದಲ್ಲಿ ಒಳ್ಳೆ ಗಾಳಿ ಇರುವ ಊರುಗಳ ಸಾಲಿನಲ್ಲಿ ಮಡಿಕೇರಿಯ ಹೆಸರು ಆಗಾಗ ಬರುತ್ತದೆ. ಬೇಕಿದ್ದರೆ ಎಕ್ಯೂಐ ತೋರಿಸೋ ಸಮೀರ್ ಆ್ಯಪ್‌ನಲ್ಲಿ ನೀವೇ ನೋಡಬಹುದು. ಆದರೆ ಆ ಯಂತ್ರ ಇರೋದು ಮಡಿಕೇರಿ ಗುಡ್ಡದ ಮೇಲೆ. ನಮ್ಮ ಶಾಲೆ ಇರೋದು ತಗ್ಗಿನಲ್ಲಿ. ಚಳಿಗಾಲದ ಬೆಳಿಗ್ಗೆ ತಣ್ಣನೆ ಗಾಳಿ ತಗ್ಗಿನಲ್ಲೇ ಕೂತುಬಿಡುತ್ತದೆ, ಮೇಲಿನ ಬಿಸಿ ಗಾಳಿ ಅದರ ಮೇಲೆ ಮುಚ್ಚಳದ ಹಾಗೆ. ಗದ್ದೆ ಮೇಲೆ ಮಂಜು ಚಾಪೆ ಹಾಸಿದ ಹಾಗೆ ನಿಲ್ಲುತ್ತದಲ್ಲ, ಹೊಗೆಯೂ ಹಾಗೇ ನಿಲ್ಲುತ್ತದೆ. ಬಿಸಿಲು ಏರೋವರೆಗೆ ಕದಲೋದಿಲ್ಲ. ದೆಹಲಿಗೆ ಚಳಿಗಾಲದಲ್ಲಿ ಆಗೋದೂ ಇದೇ, ಅಲ್ಲಿ ಅದು ದೊಡ್ಡ ಪ್ರಮಾಣದಲ್ಲಿ, ದಿನಗಟ್ಟಲೆ.

ಹೊಗೆಯಲ್ಲಿ ಪಿಎಂ 2.5 ಅನ್ನೋ ಕಣ ಇರುತ್ತದೆ. ನಮ್ಮ ತಲೆಕೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಭಾಗ. ಮೂಗಿನ ರೋಮಕ್ಕೆ ಸಿಗದೆ ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಮಕ್ಕಳು ಮೈತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ, ಓಡುವಾಗ ಇನ್ನೂ ಜಾಸ್ತಿ. ಬಟ್ಟೆ ಮಾಸ್ಕು, ಕರ್ಚೀಫು ಧೂಳಿಗೆ ಪರವಾಗಿಲ್ಲ, ಇದನ್ನು ಅಷ್ಟಾಗಿ ತಡೆಯೋದಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಹೋದ ವರ್ಷದವರೆಗೂ ನಮ್ಮ ಶಾಲೆಯಲ್ಲೇ ಶನಿವಾರ ಸ್ವಚ್ಛತೆ ಆದ ಮೇಲೆ ಮೂಲೆಯಲ್ಲಿ ಎಲೆ ಕಸ ಸುಡುತ್ತಿದ್ದೆವು. ಮಕ್ಕಳ ಕೈಯಲ್ಲೇ ಗುಡಿಸಿ, ಅವರ ಎದುರೇ. ತಪ್ಪು ನಮ್ಮದು, ಆಗ ಹೊಳೆಯಲಿಲ್ಲ. ಈಗ ನಿಲ್ಲಿಸಿದ್ದೇವೆ. ಸಿಲ್ವರ್ ಓಕ್ ಎಲೆಯನ್ನೆಲ್ಲ ಕೈತೋಟದ ಪಕ್ಕದ ಗುಂಡಿಗೆ ಹಾಕಿ ಸಗಣಿ ನೀರು ಚಿಮುಕಿಸುತ್ತೇವೆ. ನಿಮಗೆ ಇದನ್ನು ನಾನು ಕಲಿಸಬೇಕಿಲ್ಲ. ತೋಟದೊಳಗೆ ನೀವು ಯಾರೂ ತರಗೆಲೆಗೆ ಬೆಂಕಿ ಹಾಕೋದಿಲ್ಲ, ಅದು ಕಾಫಿ ಗಿಡದ ಬುಡಕ್ಕೆ ತೇವ ಹಿಡಿಯುತ್ತದೆ, ಗೊಬ್ಬರ ಆಗುತ್ತದೆ ಅಂತ ನಿಮ್ಮ ಅಜ್ಜಂದಿರ ಕಾಲದಿಂದ ಗೊತ್ತು. ಅಂಗಳದ ಎಲೆ ಮಾತ್ರ ಯಾಕೆ ಸುಡಬೇಕು? ಅದನ್ನೂ ಒಂದು ಬುಟ್ಟಿಯಲ್ಲಿ ತೋಟಕ್ಕೆ ಎಸೆದರಾಯಿತು. ಪ್ಲಾಸ್ಟಿಕ್ ಬೇರೆ ಚೀಲದಲ್ಲಿ ಕಟ್ಟಿಡಿ, ಪಂಚಾಯಿತಿ ಗಾಡಿ ಬಂದಾಗ ಕೊಡಿ. ಗಾಡಿ ಬರದ ಕಡೆಯವರು ಹೇಳಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಿಂದ ಪಂಚಾಯಿತಿಗೆ ಅರ್ಜಿ ಬರೆಯೋಣ, ನಾನೇ ಹೋಗಿ ಕೊಟ್ಟು ಬರುತ್ತೇನೆ.

ಈಗ ಶಾಲೆಯಲ್ಲಿ ಏನು ಮಾಡುತ್ತೇವೆ ಅಂದರೆ: ನಮ್ಮ ಹತ್ತಿರ ಅಳೆಯೋ ಯಂತ್ರ ಇಲ್ಲ, ಮೂಗು ಕಣ್ಣು ಇದೆ. ಹೊಗೆ ವಾಸನೆ ಬಂದ ದಿನ ಪ್ರಾರ್ಥನೆ ಒಳಗೆ, ಪಿಟಿ ಇಲ್ಲ. ಕಣ್ಣು ಉರಿಯೋ ಹಾಗಿದ್ದರೆ ಹಿಂದಿನ ಕಡೆಯ ಕಿಟಕಿ ಮುಚ್ಚಿ ಮಕ್ಕಳನ್ನು ಮುಂದಿನ ಎರಡು ಕೋಣೆಗೆ ಸೇರಿಸುತ್ತೇವೆ, ಉಬ್ಬಸ ಇರುವ ಮಕ್ಕಳ ಮನೆಗೆ ತಕ್ಷಣ ಫೋನು. ಫೆಬ್ರವರಿಯಿಂದ ಕಾಡಿನ ಬೆಂಕಿಯ ಸಮಯ, ಗಾಳಿಯಲ್ಲಿ ಬೂದಿ ಹಾರಿ ಬರೋ ಮಟ್ಟಕ್ಕೆ ಹೋದರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ತಿಳಿಸಿ ಅವರು ಹೇಳಿದ ಹಾಗೆ ಮಾಡುತ್ತೇವೆ. ಯಾವ ದಿನವೂ ಬಿಸಿಯೂಟ ನಿಲ್ಲೋದಿಲ್ಲ.

ಜೀಪು, ವ್ಯಾನಿನಲ್ಲಿ ಮಕ್ಕಳನ್ನು ಬಿಡುವವರು ಗೇಟಿನ ಹತ್ತಿರ ಎಂಜಿನ್ ಆಫ್ ಮಾಡಿ. ಚಳಿಗೆ ಸ್ಟಾರ್ಟ್ ಆಗೋದು ಕಷ್ಟ ಅಂತ ಕೆಲವರು ಹತ್ತು ನಿಮಿಷ ಹಾಗೇ ಬಿಟ್ಟಿರುತ್ತೀರಿ, ಅದರ ಹಿಂದೆಯೇ ಒಂದನೇ ಕ್ಲಾಸಿನ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಅವರ ಮುಖದ ಎತ್ತರ, ಸೈಲೆನ್ಸರಿನ ಎತ್ತರ ಹೆಚ್ಚುಕಡಿಮೆ ಒಂದೇ.

ಕಳೆದ ವಾರ ಬೆಂಕಿ ಹಾಕಿದವರು ಯಾರು ಅಂತ ಹುಡುಕಲು ನಾನು ಹೋಗಿಲ್ಲ, ಹೋಗೋದೂ ಇಲ್ಲ. ಈ ಪತ್ರ ಅವರ ಮನೆಗೂ ತಲುಪುತ್ತದೆ.

ಉಬ್ಬಸ, ಅಲರ್ಜಿ ಇರುವ ಅಥವಾ ಇನ್ಹೇಲರ್ ಬಳಸುವ ಮಕ್ಕಳ ಹೆಸರನ್ನು ಸೋಮವಾರದೊಳಗೆ ಕ್ಲಾಸ್ ಟೀಚರ್ ಹತ್ತಿರ ಬರೆಸಿ. ಇನ್ನೊಂದು ಇನ್ಹೇಲರ್ ಇದ್ದರೆ ಹೆಸರು ಬರೆದು ಕಳಿಸಿಕೊಡಿ, ಅದನ್ನು ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟಿರುತ್ತೇನೆ, ಬೀಗ ಹಾಕೋದಿಲ್ಲ.

ನಿಮ್ಮ,
ಮುಖ್ಯ ಶಿಕ್ಷಕಿ